ಏನೂ ನಡೆಯುವುದಿಲ್ಲ ಎಂಬ ಆಕ್ಷೇಪಕ್ಕೆ

ಮಾನ್ಯರೇ,

ಜಪಾನಿನ ‘ಕಿಮಿ ನಿ ತೊದೊಕೆ’ ಎಂಬ ಮಾಂಗಾ (ಚಿತ್ರಕಥೆ) ಸರಣಿಯನ್ನು ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿತು. ಪಿಯುಸಿ ಓದುತ್ತಿರುವ ಮಗಳ ಒತ್ತಾಯಕ್ಕೆ ಮೊದಲ ಐದು ಸಂಪುಟಗಳನ್ನು ಓದಿದ್ದಾಗಿಯೂ, ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ನಾಚುವುದನ್ನು ಬಿಟ್ಟರೆ ಅದರಲ್ಲಿ ಏನೂ ನಡೆಯುವುದಿಲ್ಲವೆಂದೂ, ಇಂಥದ್ದು ಮೂವತ್ತು ಸಂಪುಟಗಳವರೆಗೆ ಬೆಳೆದದ್ದು ಹೇಗೆಂದೂ ಕೇಳಿದ್ದೀರಿ.

ಈ ಕಥೆಯನ್ನು ಪ್ರೇಮಕಥೆಯೆಂದಷ್ಟೇ ಓದಿದರೆ ತಮ್ಮ ಬೇಸರ ಸಹಜವೇ. ನನ್ನ ಮಟ್ಟಿಗೆ ಇದರ ಸೆಳೆತವಿರುವುದು, ತನ್ನನ್ನು ಯಾರೂ ಇಷ್ಟಪಡಲಾರರೆಂದು ನಂಬಿಕೊಂಡ ಹುಡುಗಿಯೊಬ್ಬಳು ಆ ನಂಬಿಕೆಯನ್ನು ಎಳೆಎಳೆಯಾಗಿ ಬಿಡಿಸಿಕೊಳ್ಳುವ ಬಗೆಯಲ್ಲಿ. ಉದ್ದನೆಯ ಕಪ್ಪು ಕೂದಲಿನ, ಬಿಳಿಚಿದ ಮುಖದ ಸವಾಕೊಳನ್ನು ತರಗತಿಯವರು ಹೆಸರಾಂತ ದೆವ್ವದ ಕಥೆಯೊಂದರ ಸದಾಕೊಳ ಹೆಸರಿನಿಂದ ಕರೆಯುತ್ತಾರೆ. ಅವಳ ಕಣ್ಣನ್ನು ಮೂರು ಸೆಕೆಂಡು ದಿಟ್ಟಿಸಿದರೆ ಕೇಡು ತಪ್ಪದೆಂದು ಪುಕಾರು. ಅವಳಿಗೆ ಇದರಿಂದ ಸಿಟ್ಟು ಬರುವುದಿಲ್ಲ. ತನ್ನಿಂದ ಇತರರಿಗೆ ತೊಂದರೆಯಾಗುತ್ತಿದೆಯಲ್ಲ ಎಂದು ತಾನೇ ಕ್ಷಮೆ ಕೇಳುತ್ತಾಳೆ. ಎಲ್ಲರಿಗೂ ಬೇಕಾದವನಾದ ಸಹಪಾಠಿ ಕಜೆಹಾಯಾ ಅವಳೊಡನೆ ಉಳಿದವರೊಡನೆ ಮಾತನಾಡಿದಂತೆಯೇ ಮಾತನಾಡುತ್ತಾನೆ. ಆರಂಭದಲ್ಲಿ ಅವನು ಮಾಡುವುದು ಇಷ್ಟೇ, ಅವಳಿಗೆ ಬೇಕಾಗಿದ್ದದ್ದೂ ಇಷ್ಟೇ.

ತಾವು ಓದಿರುವ ಭಾಗದಲ್ಲೇ ಬರುವ ಶಾಲೆಯ ಶೌಚಾಲಯದ ಪ್ರಸಂಗವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ತನ್ನೊಡನೆ ಸ್ನೇಹದಿಂದಿರುವ ಸಹಪಾಠಿಗಳಾದ ಚಿಜುರು ಮತ್ತು ಅಯಾನೆಯರ ಬಗ್ಗೆ ಹಬ್ಬಿದ ಕೆಟ್ಟ ಮಾತುಗಳಿಗೆ ತನ್ನ ಸಹವಾಸವೇ ಕಾರಣವೆಂದು ತಿಳಿದ ಸವಾಕೊ ಅವರಿಬ್ಬರಿಂದ ದೂರ ಸರಿದಿರುತ್ತಾಳೆ. ತನ್ನನ್ನು ಏನೆಂದರೂ ಸಹಿಸಿಕೊಂಡು ಬಂದವಳು, ಕೆಲವು ಹುಡುಗಿಯರು ಆ ಇಬ್ಬರನ್ನು ಹಳಿಯುವುದು ಕಿವಿಗೆ ಬಿದ್ದೊಡನೆ ಎದುರು ಬಂದು ನಿಂತು, ಆಡಿದ್ದನ್ನು ಹಿಂತೆಗೆದುಕೊಳ್ಳಿ ಎನ್ನುತ್ತಾಳೆ; ಗದರಿದರೂ ಜಗ್ಗುವುದಿಲ್ಲ. ಈ ಸರಣಿಯ ಮೊದಲ ದೊಡ್ಡ ಘಟನೆ ಇದೇ ಎಂದು ನಾನು ತಿಳಿದಿದ್ದೇನೆ, ಮತ್ತು ಅದು ಗೆಳೆತನಕ್ಕೆ ಸಂಬಂಧಿಸಿದ್ದು. ಸ್ನೇಹಿತೆಯರು ತನ್ನವರೆಂದು ಹೇಳಿಕೊಳ್ಳುವ ಧೈರ್ಯ ಬಂದ ಮೇಲಷ್ಟೇ ಅವಳಿಗೆ ಪ್ರೀತಿಯನ್ನು ಹೇಳಿಕೊಳ್ಳುವ ಧೈರ್ಯ ಬರಲು ಸಾಧ್ಯವೆಂಬುದನ್ನು ಲೇಖಕಿ ಕರುಹೊ ಶೀನಾ ಬಲ್ಲರು.

ಚಿತ್ರಗಳ ಬಗೆಗೂ ಒಂದು ಮಾತು. ಸವಾಕೊ ನಗಲು ಯತ್ನಿಸಿದಾಗಲೆಲ್ಲ ಮುಖ ಭಯ ಹುಟ್ಟಿಸುವಂತಾಗುತ್ತದೆ. ಯತ್ನವಿಲ್ಲದೆ ನಕ್ಕಾಗ ಮಾತ್ರ ಚೌಕಟ್ಟು ಹಿಗ್ಗಿ, ಹಿನ್ನೆಲೆಯ ಗೆರೆಗಳು ಮಾಯವಾಗಿ, ಪುಟದ ತುಂಬ ಅವಳೊಬ್ಬಳೇ ಉಳಿಯುತ್ತಾಳೆ. ಮನಸ್ಸಿನೊಳಗಿನ ಮಾತುಗಳು ಸಂಭಾಷಣೆಯ ಗುಳ್ಳೆಗಳ ಹೊರಗೆ ತೇಲುವುದರಿಂದ, ಅವಳು ಹೇಳಲಾರದ್ದು ನಮಗೆ ತಿಳಿದಿರುತ್ತದೆ, ಎದುರಿಗಿರುವ ಹುಡುಗನಿಗೆ ತಿಳಿದಿರುವುದಿಲ್ಲ. ಓದುವವರ ಚಡಪಡಿಕೆ ಹುಟ್ಟುವುದು ಇಲ್ಲಿಂದಲೇ.

ಶುಯೇಶಾ ಸಂಸ್ಥೆಯ ‘ಬೆಸ್ಸಾತ್ಸು ಮಾರ್ಗರೆಟ್’ ಮಾಸಪತ್ರಿಕೆಯಲ್ಲಿ 2005ರಲ್ಲಿ ಮೊದಲು ಕಾಣಿಸಿಕೊಂಡ ಈ ಕಥೆ ಮುಗಿದದ್ದು 2017ರಲ್ಲಿ. ಪ್ರತಿಸ್ಪರ್ಧಿ ಪ್ರಕಾಶನವಾದ ಕೊದಾನ್ಶಾ ನೀಡುವ ಮಾಂಗಾ ಪ್ರಶಸ್ತಿಯೇ 2008ರಲ್ಲಿ ಹುಡುಗಿಯರ ವಿಭಾಗದಲ್ಲಿ ಇದಕ್ಕೆ ಸಂದಿತು. ತಿಂಗಳಿಗೊಮ್ಮೆ ಓದುವವರಿಗಾಗಿ ಹೆಣೆದದ್ದನ್ನು ನಾವು ಒಂದೇ ಪಟ್ಟಿಗೆ ಓದಿದರೆ ನಡಿಗೆ ಮಂದವೆನಿಸುವುದುಂಟು. ತಮ್ಮ ಆಕ್ಷೇಪದಲ್ಲಿ ನ್ಯಾಯವೂ ಇದೆ: ಪ್ರೇಮಿಗಳ ದಿನದಂದು ಕೊಡಬೇಕೆಂದಿದ್ದ ಚಾಕೊಲೇಟನ್ನು ಕೊಡಲಾಗದೆ ಇಬ್ಬರ ನಡುವೆ ಬೆಳೆಯುವ ತಪ್ಪು ತಿಳಿವಳಿಕೆಯನ್ನು ಲೇಖಕಿ ಅಗತ್ಯಕ್ಕಿಂತ ಹೆಚ್ಚು ಎಳೆದಿದ್ದಾರೆ. ಆದರೆ ಎರಡನೆಯ ವರ್ಷದ ಶಾಲಾ ಉತ್ಸವದಲ್ಲಿ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳುವಾಗ ಆ ಕಾಯುವಿಕೆಯ ಬಹುಪಾಲು ಸಾರ್ಥಕವೆನಿಸುತ್ತದೆ. ಅದಕ್ಕಾಗಿ ಹತ್ತನೆಯ ಸಂಪುಟದ ಆಸುಪಾಸಿನವರೆಗೆ ಓದಲೇಬೇಕು.

ಇಂಥ ಓದು ಮಗಳ ವಿದ್ಯಾಭ್ಯಾಸಕ್ಕೆ ಅಡ್ಡಿಯಾದೀತೆಂಬ ಆತಂಕವನ್ನೂ ತೋಡಿಕೊಂಡಿದ್ದೀರಿ. ಕೊನೆಯ ಸಂಪುಟಗಳನ್ನು ತುಂಬಿರುವುದೇ ಪ್ರವೇಶ ಪರೀಕ್ಷೆ, ಮುಂದಿನ ಓದು, ಊರು ಬಿಡುವ ಅಳುಕು. ಕಜೆಹಾಯಾನನ್ನು ತಾನೂ ಪ್ರೀತಿಸಿ, ಆ ಕೆಟ್ಟ ಪುಕಾರುಗಳ ಹಿಂದೆ ನಿಂತಿದ್ದ ಕುರುಮಿಯೇ ಕಡೆಗೆ ಸವಾಕೊಳ ಜೊತೆ ಕುಳಿತು ಪರೀಕ್ಷೆಗೆ ಓದುತ್ತಾಳೆ. ಸವಾಕೊ ಅವಳನ್ನು ಏಕೆ ಶತ್ರುವೆಂದು ಎಣಿಸಲಿಲ್ಲವೆಂದು ತಮ್ಮ ಮಗಳನ್ನೇ ಕೇಳಿ ನೋಡಿ. ಅವರ ಉತ್ತರವನ್ನು ನಮಗೂ ಬರೆದು ಕಳಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ.

– ಸಂ.