ದಮ್ಮಿನ ಹೆದರಿಕೆಗೆ ಕೂಟ ಬಿಡಬೇಕೆ?

ಪ್ರಶ್ನೆ: ವಯಸ್ಸು 61. ಶಿರಸಿ ಹತ್ತಿರ ಅಡಿಕೆ ತೋಟ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಬೀಡಿ ಬಿಟ್ಟಾಗಿದೆ, ಇನ್ಹೇಲರ್ ತಪ್ಪಿಸುವುದಿಲ್ಲ. ತಾಳಮದ್ದಲೆ ಕೂಟದಲ್ಲಿ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದೆ. ಒಮ್ಮೆ ಕರ್ಣನ ಮಾತಿನ ನಡುವೆ ದಮ್ಮು ಹತ್ತಿ ಎದ್ದು ಹೊರಗೆ ಬಂದೆ. ಆಮೇಲೆ ಕೂಟಕ್ಕೂ ಇಲ್ಲ, ಮದುವೆಮನೆಗೂ ಇಲ್ಲ. ರಾತ್ರಿ ಎದೆ ಡವಡವ ಎಂದು ಎಚ್ಚರಾಗುತ್ತದೆ. ಆಕ್ಸಿಮೀಟರ್‌ನಲ್ಲಿ ರಕ್ತದ ಆಮ್ಲಜನಕ 95 ಇರುತ್ತದೆ. ಮಗ ‘ಎಲ್ಲ ಮನಸ್ಸಿನದು’ ಅನ್ನುತ್ತಾನೆ. ಹೌದೇ?
(ಹೆಸರು ಬೇಡ)

ಉತ್ತರ: ಅರ್ಥಧಾರಿಗಳೇ, ನಿಮ್ಮ ಮಗ ಹೇಳಿದ್ದು ಅರ್ಧ ಸತ್ಯ. ಈ ಕಾಯಿಲೆಯಲ್ಲಿ ಶ್ವಾಸನಾಳ ಕಿರಿದಾಗಿರುವುದರಿಂದ ಎಳೆದ ಗಾಳಿ ಹೊರಬರಲು ಹೊತ್ತು ಹಿಡಿಯುತ್ತದೆ. ಹೆದರಿದಾಗ ಉಸಿರಾಟ ಬಿರುಸಾಗುತ್ತದೆ. ಹಳೆಯ ಗಾಳಿ ಒಳಗೇ ಉಳಿದು, ಹೊಸದಕ್ಕೆ ಜಾಗ ಸಾಲದೆ ಎದೆ ಬಿಗಿಯುತ್ತದೆ. ಹೆದರಿಕೆ ಇನ್ನೂ ಏರುತ್ತದೆ. ಆಕ್ಸಿಮೀಟರ್ ಸರಿ ತೋರಿಸುತ್ತಿದ್ದಾಗಲೂ ಹೀಗಾಗಬಹುದು. ದಮ್ಮೂ ನಿಜ, ಹೆದರಿಕೆಯೂ ನಿಜ. ದಮ್ಮು ಹತ್ತಿದಾಗ ಎಳೆಯುವ ಸಾಲ್ಬುಟಮಾಲ್ ಪಂಪೇ (ಇನ್ಹೇಲರ್) ಕೆಲವರಿಗೆ ಕೈನಡುಕ, ಎದೆಬಡಿತ ತರುತ್ತದೆ. ಅದನ್ನು ಕಾಯಿಲೆ ಹೆಚ್ಚಾಯಿತೆಂದು ತಿಳಿದು ಮತ್ತೆ ಪಂಪ್ ಎಳೆಯುವವರನ್ನು ಬಹಳ ನೋಡಿದ್ದೇನೆ. ರಾತ್ರಿಯ ಎಚ್ಚರದ ವಿಷಯ ಮಾತ್ರ ನಿಮ್ಮ ಡಾಕ್ಟರಿಗೆ ಹೇಳಲೇಬೇಕು, ಹೃದಯವನ್ನೂ ಒಮ್ಮೆ ನೋಡಿಸಿ.

ಕೂಟ ಬಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲೇ ಕೂತರೆ ಕಾಲಿನ ಸ್ನಾಯು ಸೊರಗಿ, ಅಂಗಳ ದಾಟುವಾಗಲೇ ದಮ್ಮು ಬರುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ದಮ್ಮಿಗಿಂತ ಹೆಚ್ಚಾಗಿ ನಾಚಿಕೆ. ಹಾಡುವ ಭಾಗವತರಿಗೂ ಎದುರಿನ ಅರ್ಥಧಾರಿಗೂ ಮೊದಲೇ ಸಂಗತಿ ಹೇಳಿಡಿ. ಕರ್ಣ ಸದ್ಯಕ್ಕೆ ಬೇರೆಯವರಿಗಿರಲಿ. ಸಣ್ಣ ಪಾತ್ರ ಕೇಳಿ ಪಡೆಯಿರಿ, ಮಾತು ಗಿಡ್ಡ ಮಾಡಿ. (ಉದ್ದ ಮಾತಾಡುವವರಿಗೆ ನಿಮ್ಮ ಸೀಮೆಯಲ್ಲಿ ಬರಗಾಲವೇನೂ ಇಲ್ಲ!) ಭಾಗವತರು ಪದ ಹೇಳುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದು, ತುಟಿ ಕಿರಿದು ಮಾಡಿ, ಎಳೆದದ್ದರ ಇಮ್ಮಡಿ ಹೊತ್ತು ನಿಧಾನವಾಗಿ ಬಿಡಿ. ಇದನ್ನು ಮನೆಯಲ್ಲಿ ಆರಾಮಾಗಿರುವಾಗಲೇ ರೂಢಿಸಿಕೊಳ್ಳಬೇಕು, ದಮ್ಮು ಹತ್ತಿದ ಮೇಲೆ ಕಲಿಯಲಾಗದು. ಅಡಿಕೆ ಬೇಯಿಸುವ ಒಲೆಯ ಹತ್ತಿರ ಮಾತ್ರ ಸುಳಿಯಬೇಡಿ.

ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕೇ ಬೇಡ ಎನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪಂಪಿಗೂ ಇಳಿಯದ ದಮ್ಮು, ತುಟಿ ನೀಲಿಯಾಗುವುದು, ಒಂದು ವಾಕ್ಯ ಮುಗಿಸಲಾಗದಿರುವುದು ಇವು ಬೇರೆ ಮಾತು. ಆಗ ಹೆದರಿಕೆಯೋ ಕಾಯಿಲೆಯೋ ಎಂದು ಯೋಚಿಸುತ್ತ ಕೂರದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.