ಒಂದು ಗೇಣು ದೂರ

ಹೋದ ಸಂಚಿಕೆಯಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಒಂದು ಲೇಖನ ಹಾಕಿದ್ದೆವು. 1979ರ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ನಡೆದ ಶುಗರ್ ಬೌಲ್ ಪಂದ್ಯದ ಕಥೆ ಅದು. ಪೆನ್ ಸ್ಟೇಟ್ ತಂಡವನ್ನು ಅಲಬಾಮಾದವರು ಗೋಲ್ ಲೈನ್ ಹತ್ತಿರ ತಡೆದು 14–7ರಲ್ಲಿ ಗೆದ್ದರು. ಲೇಖನ ಓದಿ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ನಾನು ಆಗ ಪೆನ್ ಸ್ಟೇಟ್‌ನಲ್ಲಿ ವಿದ್ಯಾರ್ಥಿ. ದಾವಣಗೆರೆಯಿಂದ ಬಂದು ಒಂದೂವರೆ ವರ್ಷ ಆಗಿತ್ತು. ರಜೆಗೆ ಎಲ್ಲರೂ ಊರಿಗೆ ಹೋಗಿದ್ದರು. ಹೋಗಲು ಆಗದ ಒಂಬತ್ತು ಜನ ಒಂದೇ ಟಿವಿ ಮುಂದೆ ಕೂತಿದ್ದೆವು. ಅದರಲ್ಲಿ ಒಬ್ಬ ಅಲಬಾಮಾದವನು. ಚಾಂಪಿಯನ್ ಆಗಲು ನಮಗೆ ಒಂದು ಗಜವೂ ಬೇಕಿರಲಿಲ್ಲ. ಕೋಚ್ ಜೋ ಪಟರ್ನೊ ಎರಡು ಸಲವೂ ನಡುವಿನಲ್ಲೇ ನುಗ್ಗಿಸಿದರು. ಒಂದು ಪಾಸ್ ಹಾಕಿಸಿದ್ದರೆ ಆಗಿಹೋಗುತ್ತಿತ್ತು. ನಿಮ್ಮ ಲೇಖಕರು ಅಲಬಾಮಾದವರನ್ನು ಹಾಡಿ ಹೊಗಳಿದ್ದಾರೆ. ಪಟರ್ನೊ ತಪ್ಪು ಮಾಡಿದರು ಅಂತ ಒಂದು ಸಾಲೂ ಇಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ.”

ಆತ್ಮೀಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪಂದ್ಯದ ಆ ಭಾಗವನ್ನು ಅದಕ್ಕಿಂತ ಜಾಸ್ತಿ ಸಲ ನೋಡಿದೆ. ‘ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಅಂತ ನಮ್ಮಲ್ಲಿ ಗಾದೆ ಇದೆ. ಆ ಗಾದೆ ಹೇಳಿ ನಿಮ್ಮ ಬಾಯಿ ಮುಚ್ಚಿಸಲು ನನಗೆ ಇಷ್ಟವಿಲ್ಲ. ಇಷ್ಟು ವರ್ಷ ಒಂದು ಆಟವನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಸರಿಯಾದ ಉತ್ತರ ಸಿಗಬೇಕು.

ನಿಮ್ಮ ಹೊಟ್ಟೆಯುರಿ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಪೆನ್ ಸ್ಟೇಟ್ 1968ರಲ್ಲಿ ಒಂದೂ ಪಂದ್ಯ ಸೋಲಲಿಲ್ಲ. 1969ರಲ್ಲೂ ಸೋಲಲಿಲ್ಲ. 1973ರಲ್ಲೂ ಇಲ್ಲ. ಮೂರು ಸಲವೂ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬೇರೆಯವರಿಗೆ ಹೋಯಿತು. ಆ ಕಾಲದಲ್ಲಿ ಚಾಂಪಿಯನ್ ಯಾರು ಅಂತ ಮೈದಾನದಲ್ಲಿ ತೀರ್ಮಾನ ಆಗುತ್ತಿರಲಿಲ್ಲ, ಪತ್ರಕರ್ತರ ಮತ್ತು ಕೋಚ್‌ಗಳ ಮತದಲ್ಲಿ ಆಗುತ್ತಿತ್ತು. 1978ರ ಸೀಸನ್‌ನಲ್ಲಿ ಮಾತ್ರ ಅವರು 11 ಪಂದ್ಯ ಗೆದ್ದು ಒಂದನೇ ಸ್ಥಾನದಲ್ಲಿ ನಿಂತು ಈ ಪಂದ್ಯಕ್ಕೆ ಬಂದರು. ಎದುರಿಗೆ ಎರಡನೇ ಸ್ಥಾನದ ಅಲಬಾಮಾ, ಅದರ ಕೋಚ್ ಬೇರ್ ಬ್ರಯಂಟ್. ಮತ ಹಾಕುವವರು ಏನಂದುಕೊಂಡಾರು ಅನ್ನುವ ಚಿಂತೆಯೇ ಬೇಡ, ಗೆದ್ದರೆ ಪಟ್ಟ ನಮ್ಮದು ಅನ್ನುವ ಸ್ಥಿತಿ.

ಈ ಆಟ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಅನ್ನುತ್ತಾರೆ. ನಾಲ್ಕರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಗೋಲ್ ಲೈನ್ ಹತ್ತಿರ ಬಂದರೆ ಆ ಗೆರೆಯನ್ನೇ ದಾಟಬೇಕು. ದಾಟಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಚೆಂಡನ್ನು ಗೋಲ್‌ಗೆ ಒದ್ದು ಒಂದು ಅಂಕ, ಇಲ್ಲವೇ ಇನ್ನೊಮ್ಮೆ ಗೆರೆ ದಾಟಿಸಿ ಎರಡು ಅಂಕ ಪಡೆಯಬಹುದು. ಪ್ರತಿ ಸಲ ಚೆಂಡು ಆಡುವ ಮುಂಚೆ ಚೆಂಡು ಹಿಡಿದು ಓಡಬೇಕೋ, ಮುಂದಿರುವವನಿಗೆ ಎಸೆದು ಪಾಸ್ ಹಾಕಬೇಕೋ, ಯಾರು ಎಲ್ಲಿ ನುಗ್ಗಬೇಕು ಅಂತ ಕೋಚ್ ಹೇಳಿ ಕಳಿಸುತ್ತಾರೆ.

ಈಗ ಆ ನಾಲ್ಕು ಡೌನ್‌ಗಳಿಗೆ ಬರೋಣ. ಕೊನೆಯ ಕ್ವಾರ್ಟರ್. ಅಲಬಾಮಾ 14, ಪೆನ್ ಸ್ಟೇಟ್ 7. ಅಲಬಾಮಾದವರು ಚೆಂಡು ಕೈಬಿಟ್ಟರು. ಗೋಲ್ ಲೈನ್‌ನಿಂದ 19ನೇ ಗಜದಲ್ಲಿ ಅದು ಪೆನ್ ಸ್ಟೇಟ್ ಪಾಲಾಯಿತು. ಮ್ಯಾಟ್ ಸೂಯಿ ಒಂದೇ ಓಟದಲ್ಲಿ 8ನೇ ಗಜಕ್ಕೆ ಮುಟ್ಟಿಸಿದರು. ಮೊದಲ ಡೌನ್‌ನಲ್ಲಿ ಎರಡು ಗಜ ಸಿಕ್ಕಿತು. ಎರಡನೇ ಡೌನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಚಕ್ ಫುಸೀನಾ ಪಾಸ್ ಹಾಕಿದರು. ಸ್ಕಾಟ್ ಫಿಟ್ಸ್‌ಕೀ ಹಿಡಿದು ತಿರುಗಿದರು. ಗೆರೆ ಒಂದೇ ಹೆಜ್ಜೆ. ಅಷ್ಟರಲ್ಲಿ ಅಲಬಾಮಾದ ಡಾನ್ ಮೆಕ್‌ನೀಲ್ ಬೇರೆ ಆಟಗಾರನನ್ನು ಕಾಯುತ್ತಿದ್ದವರು ಅಲ್ಲಿಂದ ಓಡಿ ಬಂದು ಡಿಕ್ಕಿ ಹೊಡೆದು ಒಂದು ಗಜದ ಹತ್ತಿರ ಅವರನ್ನು ಹೊರಗೆ ತಳ್ಳಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ಪತ್ರದಲ್ಲಿ ಮೂರನೇ ಡೌನ್ ಇದೆ, ನಾಲ್ಕನೇ ಡೌನ್ ಇದೆ. ಎರಡನೆಯದು ಇಲ್ಲ. ‘ಒಂದು ಪಾಸ್ ಹಾಕಿಸಿದ್ದರೆ’ ಅಂತ ಬರೆದಿದ್ದೀರಿ. ಒಂದು ಪಾಸ್ ಹಾಕಿಸಿದ್ದರು, ಸ್ವಾಮಿ. ಒಳ್ಳೆಯ ಪಾಸ್. ಹಿಡಿದದ್ದೂ ಸರಿಯಾಗಿತ್ತು. ಅದನ್ನು ಕೆಡಿಸಿದ್ದು ಒಬ್ಬ ಎದುರಾಳಿ. ಮೆಕ್‌ನೀಲ್ ಅರ್ಧ ಕ್ಷಣ ತಡ ಮಾಡಿದ್ದರೆ ಅಲ್ಲಿಗೇ ಟಚ್‌ಡೌನ್ ಆಗಿರುತ್ತಿತ್ತು. ಮುಂದಿನ ಎರಡು ಡೌನ್‌ಗಳ ಹೆಸರೂ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಮೂರನೇ ಡೌನ್. ಸೂಯಿ ನಡುವಿನಲ್ಲಿ ನೆಗೆದರು. ಗೆರೆಗೆ ಒಂದು ಗೇಣು ಇರುವಾಗ ಬಿದ್ದರು. ಆಗ ಫುಸೀನಾ ಚೆಂಡು ಎಲ್ಲಿದೆ ಅಂತ ನೋಡಲು ಮುಂದೆ ಬಂದರಂತೆ. ಅಲಬಾಮಾದ ಮಾರ್ಟಿ ಲಯನ್ಸ್ ಅವರಿಗೆ ‘ಪಾಸ್ ಹಾಕುವುದೇ ಒಳ್ಳೇದು’ ಅಂತ ಹೇಳಿದರಂತೆ. ಆಟಗಾರರು ಇವತ್ತಿಗೂ ಹೇಳಿಕೊಳ್ಳುವ ಮಾತು ಇದು. ನಾಲ್ಕನೇ ಡೌನ್‌ನಲ್ಲಿ ಮೈಕ್ ಗೂಮನ್ ಕೈಗೆ ಚೆಂಡು ಕೊಟ್ಟರು. ಅವರೂ ನಡುವಿನಲ್ಲಿ ಮೇಲಿನಿಂದ ಹಾರಲು ಹೋದರು. ಲೈನ್‌ಬ್ಯಾಕರ್ ಬ್ಯಾರಿ ಕ್ರೌಸ್ ಗಾಳಿಯಲ್ಲೇ ಎದುರಾದರು. ಹಿಂದಿನಿಂದ ಜೊತೆಯವರೂ ಸೇರಿ ತಳ್ಳಿದರು. ಗೂಮನ್ ಗೆರೆ ಮುಟ್ಟಲಿಲ್ಲ.

ಕ್ರೌಸ್ ಹೆಸರು ಎಲ್ಲರಿಗೂ ಗೊತ್ತು. ಆದರೆ ವಿಡಿಯೊ ನಿಧಾನಕ್ಕೆ ಓಡಿಸಿ, ಕೆಳಗೆ ನೋಡಿ. ಅಲಬಾಮಾದ ಮುಂದಿನ ಸಾಲಿನವರು ಹೆಚ್ಚುಕಡಿಮೆ ನೆಲಕ್ಕೆ ಅಂಟಿಕೊಂಡು ನುಗ್ಗಿದ್ದಾರೆ. ಪೆನ್ ಸ್ಟೇಟ್‌ನ ದಪ್ಪ ದಪ್ಪ ಆಳುಗಳು ಅವರ ಮೇಲೆ ರಾಶಿ ಬಿದ್ದಿದ್ದಾರೆ. ಹಾಗಾಗಿ ಹಿಂದೆ ನಿಂತ ಕ್ರೌಸ್‌ನನ್ನು ಅಡ್ಡಗಟ್ಟಲು ಒಬ್ಬರೂ ಉಳಿಯಲಿಲ್ಲ. ಅವರಿಗೆ ದಾರಿ ಮಾಡಿಕೊಟ್ಟವರು ಈ ಕೆಳಗೆ ಬಿದ್ದವರು. ನಮ್ಮ ಲೇಖಕರು ಹೊಗಳಿದ್ದು ಇವರನ್ನೇ. ಅದರಲ್ಲಿ ಒಂದು ಅಕ್ಷರವೂ ಜಾಸ್ತಿ ಆಯಿತು ಅಂತ ನನಗೆ ಅನಿಸುವುದಿಲ್ಲ.

ಹಾಗಾದರೆ ಪಟರ್ನೊ ಆರಿಸಿದ್ದು ಸರಿಯೇ? ಅದಕ್ಕೆ ಒಂದು ಶರತ್ತು ಹಾಕಿಕೊಂಡು ಉತ್ತರ ಹುಡುಕಬೇಕು. ಆ ಗಳಿಗೆಯಲ್ಲಿ ಅವರಿಗೆ ಗೊತ್ತಿದ್ದದ್ದನ್ನು ಮಾತ್ರ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಏನಾಯಿತು ಅನ್ನುವುದನ್ನು ಪಕ್ಕಕ್ಕೆ ಇಡಬೇಕು. ಇದು ಬಹಳ ಕಷ್ಟ, ಒಪ್ಪುತ್ತೇನೆ.

ಗೊತ್ತಿದ್ದದ್ದು ಏನು? ಓಟದಲ್ಲಿ ಆ ದಿನ ಪೆನ್ ಸ್ಟೇಟ್‌ಗೆ ಏನೂ ದಕ್ಕುತ್ತಿರಲಿಲ್ಲ. ಇಡೀ ಪಂದ್ಯ ಸೇರಿಸಿದರೂ ಓಟದ ಲೆಕ್ಕ 19 ಗಜ ಅಷ್ಟೆ. ಇದು ನಿಮ್ಮ ಕಡೆಯ ಮಾತು. ಆದರೆ ಪಾಸ್ ಕಥೆಯೂ ಚೆನ್ನಾಗಿರಲಿಲ್ಲ. ಫುಸೀನಾ ಸಾಮಾನ್ಯರಲ್ಲ, ಆ ವರ್ಷ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಲ್ಲಿ ಎರಡನೆಯವರಾಗಿ ಬಂದವರು. ಅಂಥವರ ನಾಲ್ಕು ಪಾಸ್‌ಗಳು ಆ ಪಂದ್ಯದಲ್ಲಿ ಎದುರಾಳಿಗಳ ಕೈ ಸೇರಿದವು. ಇನ್ನೊಂದು ವಿಷಯ ಇದೆ. ಗೋಲ್ ಲೈನ್ ಹತ್ತಿರ ಪಾಸ್ ಹಾಕುವುದು ಟಿವಿಯಲ್ಲಿ ಕಾಣುವಷ್ಟು ಸುಲಭ ಅಲ್ಲ. ಗೆರೆಯ ಆಚೆ ಇರುವುದು ಹತ್ತೇ ಗಜ ಜಾಗ. ರಕ್ಷಣೆ ಮಾಡುವವರು ಹಿಂದೆ ಎಲ್ಲೋ ದೂರ ಓಡಿ ಕಾಯಬೇಕಾಗಿಲ್ಲ. ಚಿಕ್ಕ ಕೋಣೆಯಲ್ಲಿ ಹನ್ನೊಂದು ಜನ ತುಂಬಿಕೊಂಡ ಹಾಗೆ.

ನಿಮ್ಮ ಪರವಾಗಿ ಒಂದು ಬಲವಾದ ವಾದ ಇದೆ. ನೀವು ಅದನ್ನು ಬರೆಯಲಿಲ್ಲ, ನಾನೇ ಬರೆಯುತ್ತೇನೆ. ಗೋಲ್ ಲೈನ್ ಮುಂದೆ ಕೋಚ್‌ಗಳು ಪಾಸ್‌ಗೆ ಹೆದರುವುದು ಚೆಂಡು ಎದುರಾಳಿ ಕೈಗೆ ಹೋದೀತು ಅಂತ. ಮೊದಲ ಮೂರು ಡೌನ್‌ಗಳಲ್ಲಿ ಆ ಹೆದರಿಕೆ ನ್ಯಾಯವಾದದ್ದು. ನಾಲ್ಕನೆಯದರಲ್ಲಿ ಅದಕ್ಕೆ ಅಷ್ಟು ಅರ್ಥ ಇಲ್ಲ. ಓಡಿ ಸೋತರೂ ಚೆಂಡು ಅವರದೇ, ಪಾಸ್ ಕೆಳಗೆ ಬಿದ್ದರೂ ಅವರದೇ. ಮೇಲಾಗಿ, ಮೂರನೇ ಡೌನ್‌ನಲ್ಲಿ ನಡುವಿನ ದಾರಿ ಮುಚ್ಚಿದೆ ಅಂತ ಪಟರ್ನೊ ಕಣ್ಣಾರೆ ನೋಡಿದ್ದರು. ಇದು ಆಮೇಲೆ ಬಂದ ಬುದ್ಧಿ ಅಲ್ಲ, ಮೂವತ್ತು ಸೆಕೆಂಡ್ ಮುಂಚೆ ಕಣ್ಣ ಮುಂದೆ ನಡೆದದ್ದು. ಆದ್ದರಿಂದ ನಾಲ್ಕನೇ ಡೌನ್ ಬಗ್ಗೆ ನಿಮ್ಮ ದೂರನ್ನು ನಾನು ತಳ್ಳಿ ಹಾಕುವುದಿಲ್ಲ.

ಆದರೆ ‘ಪಾಸ್ ಹಾಕಿಸಿದ್ದರೆ ಆಗಿಹೋಗುತ್ತಿತ್ತು’ ಅನ್ನುವ ಖಚಿತ ಎಲ್ಲಿಂದ ಬಂತು? 2015ರ ಫೆಬ್ರವರಿ 1ರ ಸೂಪರ್ ಬೌಲ್ ನೀವು ನೋಡಿರುತ್ತೀರಿ. ಅದು ಕಾಲೇಜು ಆಟ ಅಲ್ಲ, ವೃತ್ತಿಪರರದ್ದು. ಸಿಯಾಟಲ್ ತಂಡಕ್ಕೆ ಬೇಕಿದ್ದದ್ದು ಒಂದು ಗಜ. ಉಳಿದದ್ದು ಅರ್ಧ ನಿಮಿಷಕ್ಕಿಂತ ಕಮ್ಮಿ. ಕೋಚ್ ಪೀಟ್ ಕ್ಯಾರಲ್ ತಂಡ ಪಾಸ್ ಹಾಕಿತು. ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ಅದನ್ನು ಕಿತ್ತುಕೊಂಡರು. 28–24, ಪಂದ್ಯ ಮುಗಿಯಿತು. ಮಾರನೇ ದಿನ ಇಡೀ ದೇಶ ಕೇಳಿದ್ದು ಒಂದೇ ಪ್ರಶ್ನೆ: ಮಾರ್ಶಾನ್ ಲಿಂಚ್ ಅಂಥ ಆಳು ಇರುವಾಗ ಸುಮ್ನೆ ಓಡಿಸಬಾರದಿತ್ತಾ? ಪಟರ್ನೊ ಓಡಿಸಿದ್ದಕ್ಕೆ ಬೈಸಿಕೊಂಡರು. ಕ್ಯಾರಲ್ ಓಡಿಸದೆ ಇದ್ದದ್ದಕ್ಕೆ ಬೈಸಿಕೊಂಡರು. ಬೈದವರು ಇಬ್ಬರಿಗೂ ಅಷ್ಟೇ ಖಚಿತವಾಗಿ ಬೈದರು.

ಇನ್ನು ನಿಮ್ಮ ಪತ್ರದ ಒಂದು ಸಾಲನ್ನು ತಿದ್ದಲೇಬೇಕು. ಆ ಗೇಣು ದೂರ ದಾಟಿದ್ದರೂ ಪೆನ್ ಸ್ಟೇಟ್ ಗೆದ್ದಿರುತ್ತಿರಲಿಲ್ಲ. 14–13 ಆಗಿರುತ್ತಿತ್ತು. ಆಮೇಲೆ ಒಂದು ಅಂಕಕ್ಕೆ ಒದೆಯಬೇಕೋ ಎರಡಕ್ಕೆ ಹೋಗಬೇಕೋ ಅಂತ ಇನ್ನೊಂದು ನಿರ್ಧಾರ ಕಾದಿತ್ತು. ಆಟವೂ ಇನ್ನೂ ಹಲವು ನಿಮಿಷ ಬಾಕಿ ಇತ್ತು. ಅಷ್ಟೇ ಅಲ್ಲ. ತಡೆದ ಮೇಲೆ ಅಲಬಾಮಾಕ್ಕೆ ಮುಂದೆ ಹೋಗಲಾಗಲಿಲ್ಲ. ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಲು ದೂರ ಒದ್ದರು, ಒದೆತ ಕೆಟ್ಟಿತು, ಚೆಂಡು ಹತ್ತಿರದಲ್ಲೇ ಹೊರಗೆ ಹೋಯಿತು. ಪೆನ್ ಸ್ಟೇಟ್‌ಗೆ ಮತ್ತೆ ಗೋಲ್ ಲೈನ್ ಬಳಿಯೇ ಅವಕಾಶ ಸಿಕ್ಕಂತಾಯಿತು. ಆದರೆ ಮೈದಾನದಲ್ಲಿ ಅವರ ಕಡೆ ಹನ್ನೊಂದರ ಬದಲು ಹನ್ನೆರಡು ಜನ ನಿಂತಿದ್ದರು! ದಂಡ ಬಿತ್ತು, ಚೆಂಡು ಅಲಬಾಮಾ ಬಳಿಯೇ ಉಳಿಯಿತು. ತಲೆ ಎಣಿಸದೆ ಹೋದದ್ದು ಎಲ್ಲ ಲೆಕ್ಕದಲ್ಲೂ ತಪ್ಪು. ಆದರೂ ಅದರ ಬಗ್ಗೆ ಯಾರೂ ನಾಲ್ಕು ಪುಟ ಬರೆಯುವುದಿಲ್ಲ. ಅದರಲ್ಲಿ ಗುದ್ದಾಟ ಇಲ್ಲ, ಗಾಳಿಯಲ್ಲಿ ಹಾರಿದ ಹುಡುಗ ಇಲ್ಲ, ಫೋಟೊ ಇಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆ. ಪಟರ್ನೊ ತಮ್ಮ ಆತ್ಮಕಥೆಯಲ್ಲಿ ಈ ಗಳಿಗೆಯನ್ನು ಬರೆದುಕೊಂಡಿದ್ದಾರೆ. ಅವರ ಮನಸ್ಸು ಪಾಸ್ ಕಡೆ ಇತ್ತು. ಸಹಾಯಕ ಕೋಚ್‌ಗಳು ಓಡಿಸೋಣ ಅಂದರು. ಅವರು ಒಪ್ಪಿಕೊಂಡರು. ಆಮೇಲೆ ವರ್ಷಗಟ್ಟಲೆ ಅದು ಅವರನ್ನು ತಿಂದಿತು, ಬ್ರಯಂಟ್ ಎದುರು ತಾನು ಸೋತೆ ಅಂತ ಅನಿಸಿತು. ಇದನ್ನು ಓದಿದಾಗ ನಿಮ್ಮ ದೂರಿಗಿಂತ ದೊಡ್ಡ ದೂರು ಇದೇ ಅಂತ ನನಗನಿಸಿತು. ಪಾಸ್ ಅಥವಾ ಓಟ, ಎರಡಕ್ಕೂ ಕಾರಣ ಕೊಡಬಹುದು. ತನಗೆ ನಂಬಿಕೆ ಇಲ್ಲದ್ದನ್ನು ಆರಿಸಿ ಸೋತರೆ ಆ ನೋವಿಗೆ ಮದ್ದಿಲ್ಲ.

ಇದರ ಪಕ್ಕ ನೆಬ್ರಾಸ್ಕಾದ ಟಾಮ್ ಆಸ್ಬರ್ನ್ ಅವರನ್ನು ಇಟ್ಟು ನೋಡಿ. 1984ರ ಜನವರಿ 2, ಮಯಾಮಿಯಲ್ಲಿ ಆರೆಂಜ್ ಬೌಲ್. ಅವರೂ ಅಜೇಯರು, ಒಂದನೇ ಸ್ಥಾನದವರು. ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಬಂತು, ಮಯಾಮಿ 31, ನೆಬ್ರಾಸ್ಕಾ 30. ಆಗ ಕಾಲೇಜು ಆಟದಲ್ಲಿ ಹೆಚ್ಚುವರಿ ಸಮಯ ಇರಲಿಲ್ಲ. ಒಂದು ಅಂಕಕ್ಕೆ ಒದ್ದಿದ್ದರೆ ಪಂದ್ಯ ಸಮ, ಮತದಲ್ಲಿ ಪಟ್ಟವೂ ಬಹುಶಃ ಸಿಗುತ್ತಿತ್ತು. ಆಸ್ಬರ್ನ್ ಸಮ ಮಾಡಿಕೊಂಡು ಚಾಂಪಿಯನ್ ಆಗಲು ಒಪ್ಪಲಿಲ್ಲ. ಎರಡು ಅಂಕಕ್ಕೆ ಹೋದರು. ಪಾಸ್‌ಗೆ ಮಯಾಮಿಯ ಕೆನ್ನಿ ಕಾಲ್ಹೂನ್ ಬೆರಳು ತಾಗಿಸಿದರು, ಚೆಂಡು ಜಾರಿ ಬಿತ್ತು. ಸೋತರು. ಆದರೆ ಆ ನಿರ್ಧಾರಕ್ಕೆ ಅವರಿಗೆ ಸಿಕ್ಕ ಗೌರವ ಇವತ್ತಿಗೂ ಕಮ್ಮಿ ಆಗಿಲ್ಲ. ಅದು ಅವರದೇ ನಿರ್ಧಾರ ಅಂತ ನೋಡಿದವರಿಗೆಲ್ಲ ಗೊತ್ತಿತ್ತು.

ಪಟರ್ನೊಗೆ ಕೊನೆಗೂ ಪಟ್ಟ ಬಂತು, ನಿಮಗೆ ನೆನಪಿಸಬೇಕಾಗಿಲ್ಲ. ನಾಲ್ಕು ವರ್ಷದ ಮೇಲೆ, 1983ರ ಜನವರಿ 1, ಅದೇ ಸೂಪರ್‌ಡೋಮ್, ಅದೇ ಶುಗರ್ ಬೌಲ್. ಜಾರ್ಜಿಯಾ ಎದುರು 27–23. ಕೊನೆಯ ಕ್ವಾರ್ಟರ್‌ನಲ್ಲಿ ಗೆಲುವಿನ ಟಚ್‌ಡೌನ್ ತಂದದ್ದು ಟಾಡ್ ಬ್ಲ್ಯಾಕ್‌ಲೆಜ್ ಎಸೆದ 47 ಗಜದ ಪಾಸ್. ಗ್ರೆಗ್ ಗ್ಯಾರಿಟಿ ಮೈ ಚಾಚಿ ಬಿದ್ದು ಹಿಡಿದರು. ಆ ಹೊತ್ತಿಗೆ ಬ್ರಯಂಟ್ ನಿವೃತ್ತರಾಗಿ ಕೆಲವೇ ದಿನ ಆಗಿತ್ತು. ಅದೇ ತಿಂಗಳು ತೀರಿಕೊಂಡರು.

ನಿಮ್ಮ ಪ್ರಶ್ನೆಗೆ ಉತ್ತರ ಬಾಕಿ ಇದೆ. ನಾನಾಗಿದ್ದರೆ ಮೂರನೇ ಡೌನ್‌ನಲ್ಲಿ ಓಡುವ ಹಾಗೆ ನಟಿಸಿ ಪಾಸ್ ಹಾಕಿಸುತ್ತಿದ್ದೆ. ಎಲ್ಲರೂ ನಡುವಿನಲ್ಲಿ ಗುಂಪು ಕಟ್ಟಿದ್ದರು. ಪಾಸ್ ತಪ್ಪಿದರೂ ಇನ್ನೊಂದು ಅವಕಾಶ ಕೈಯಲ್ಲಿ ಇರುತ್ತಿತ್ತು, ಆಗ ಅಲಬಾಮಾದವರಿಗೆ ಎರಡೂ ಕಡೆ ಕಣ್ಣಿಡಬೇಕಾಗುತ್ತಿತ್ತು. ನಾಲ್ಕನೆಯದರಲ್ಲಿ ಗೂಮನ್‌ಗೇ ಕೊಡುತ್ತಿದ್ದೆ. ಆದರೆ ಇದನ್ನು ಹೇಳುತ್ತಿರುವ ನನಗೆ ಆ ಎರಡು ಡೌನ್‌ಗಳಲ್ಲಿ ಏನಾಯಿತು ಅಂತ ಗೊತ್ತಿದೆ. ಪಟರ್ನೊಗೆ ಗೊತ್ತಿರಲಿಲ್ಲ. ಎದುರಿಗೆ ಕ್ರೌಸ್ ನಿಂತಿದ್ದಾಗ ನನ್ನ ಆಟ ಗೆಲ್ಲುತ್ತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ.

ಕೊನೆಗೊಂದು ಕೋರಿಕೆ. ಆ ಒಂಬತ್ತು ಜನರಲ್ಲಿ ಒಬ್ಬ ಅಲಬಾಮಾದವನು ಅಂತ ಬರೆದಿದ್ದೀರಿ. ಗೂಮನ್ ಬಿದ್ದಾಗ ಆತ ಏನು ಮಾಡಿದ, ನೀವೆಲ್ಲ ಸುಮ್ಮನಾದ ಆ ಕೋಣೆಯಲ್ಲಿ ಒಬ್ಬನೇ ಹೇಗೆ ಕುಣಿದ, ಅಥವಾ ನಿಮ್ಮ ಮುಖ ನೋಡಿ ಸುಮ್ಮನೆ ಕೂತನೋ, ಅದನ್ನು ನಾಲ್ಕು ಪುಟದಲ್ಲಿ ಎಲ್ಲೂ ಹೇಳಿಲ್ಲ. ಈಗಲೂ ನಿಮ್ಮ ಸಂಪರ್ಕದಲ್ಲಿ ಇದ್ದರೆ ಅವರಿಂದಲೂ ಒಂದು ಪತ್ರ ಬರೆಸಿ. ಇಂಗ್ಲಿಷ್‌ನಲ್ಲಿ ಬರೆದರೂ ಪರವಾಗಿಲ್ಲ, ಕನ್ನಡಕ್ಕೆ ನೀವೇ ತನ್ನಿ. ಪುಟ ನಾನು ಕಾದಿರಿಸಿದ್ದೇನೆ.

— ಸಂಪಾದಕ