ಖಾಲಿ ಕಾಲಂ ಇದ್ದವರನ್ನು ಪಟ್ಟಿಯಿಂದ ತೆಗೆಯಬಹುದೇ?

ಪ್ರಶ್ನೆ: ಕಾಫಿ ತೋಟದ ಕಾರ್ಮಿಕರ ರಕ್ತದೊತ್ತಡವನ್ನು ಪ್ರತಿ ವರ್ಷ ಅಳೆಯುವ ಅಧ್ಯಯನದಲ್ಲಿ ಕೆಲಸ ಮಾಡುತ್ತಿದ್ದೇನೆ. ಅನೇಕರ ವಯಸ್ಸು, ಓದು, ಆದಾಯದ ಕಾಲಂಗಳು ಖಾಲಿ ಇವೆ. ಅಂಥವರನ್ನು ಪಟ್ಟಿಯಿಂದಲೇ ತೆಗೆಯಿರಿ ಎನ್ನುತ್ತಾರೆ ಜೊತೆಯವರು. ಸರಿಯೇ?
– ಸಂಶೋಧನಾ ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ದಯವಿಟ್ಟು ತೆಗೆಯಬೇಡಿ. ವಯಸ್ಸು ಹೇಳಲಾಗದವರು ಯಾರೆಂದು ಒಮ್ಮೆ ನೋಡಿ. ಜನನ ಪತ್ರವನ್ನೇ ಕಾಣದ ಯರವ, ಜೇನುಕುರುಬ ಬುಡಕಟ್ಟಿನ ಹಿರಿಯರು, ಕೊಯ್ಲಿಗೆಂದು ಹೊರಗಿನಿಂದ ಬಂದು ತೋಟದ ಕಾರ್ಮಿಕರ ಸಾಲುಮನೆಯಲ್ಲೇ (ಲೈನ್ ಮನೆ) ಉಳಿದವರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಕಾಗದಪತ್ರ ಕಳೆದುಕೊಂಡವರೂ ಇರಬಹುದು. ಇವರನ್ನು ಬಿಟ್ಟರೆ ಉಳಿಯುವವರು ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಕಾಯಂ ಆಳುಗಳು. ಅವರ ಆರೋಗ್ಯವನ್ನೇ ಇಡೀ ತೋಟದ ಆರೋಗ್ಯವೆಂದು ಬರೆದಂತಾಗುತ್ತದೆ. ಅದು ಅನ್ಯಾಯ, ಲೆಕ್ಕವೂ ತಪ್ಪು.

ಮೊದಲು ಹಿಂದಿನ ವರ್ಷಗಳ ಹಾಳೆಗಳನ್ನು ತಿರುವಿ ಹಾಕಿ. ಹುಟ್ಟಿದ ವರ್ಷ ಬದಲಾಗದು, ಒಮ್ಮೆ ಸಿಕ್ಕಿದ್ದರೆ ಸಾಕು. ಆದಾಯವನ್ನು ಮಾತ್ರ ಹಾಗೆ ನಕಲು ಮಾಡಬೇಡಿ. ಕೊಯ್ಲಿನ ತಿಂಗಳ ಸಂಪಾದನೆಯೇ ಬೇರೆ, ಮಳೆಗಾಲದ್ದೇ ಬೇರೆ. ವಯಸ್ಸುಗಳೆಲ್ಲ 50, 55, 60 ಎಂದೇ ಗುಂಪುಗಟ್ಟಿದ್ದರೆ ಅವು ಅಂದಾಜಿನವು ಎಂದು ತಿಳಿಯಿರಿ. "ವಯಸ್ಸೆಷ್ಟು?" ಎನ್ನುವ ಬದಲು, "ಅಜ್ಜಿ, ಇಂದಿರಾ ಗಾಂಧಿ ತೀರಿಕೊಂಡಾಗ ನಿಮಗೆ ಮದುವೆಯಾಗಿತ್ತೇ? ದೊಡ್ಡ ಮಗ ಆಗ ನಡೆಯುತ್ತಿದ್ದನೇ?" ಎಂದು ಕೇಳಿ. 1984ರಿಂದ ಹಿಂದಕ್ಕೆ ಎಣಿಸಿದರೆ ವಯಸ್ಸು ಹತ್ತಿರ ಹತ್ತಿರ ಸಿಗುತ್ತದೆ.

ಆಮೇಲೂ ಖಾಲಿ ಉಳಿದ ಕಡೆ ಎಲ್ಲರ ಸರಾಸರಿಯನ್ನು ತುಂಬಬೇಡಿ. ಜನರ ನಡುವಿನ ಏರುಪೇರು ಅಳಿಸಿಹೋಗಿ, ಇಲ್ಲದ ಖಚಿತತೆ ಬಂದುಬಿಡುತ್ತದೆ. "ಗೊತ್ತಿಲ್ಲ" ಎಂಬ ಪ್ರತ್ಯೇಕ ಗುಂಪು ಮಾಡಿದರೂ ಫಲಿತಾಂಶ ವಾಲಬಹುದು. ಮಲ್ಟಿಪಲ್ ಇಂಪ್ಯುಟೇಶನ್ ಬಳಸಿ. ಉಳಿದ ವಿವರಗಳ ಆಧಾರದಲ್ಲಿ ಖಾಲಿ ಜಾಗವನ್ನು 20 ಬಾರಿಯೋ ಹೆಚ್ಚೋ ಬೇರೆ ಬೇರೆಯಾಗಿ ತುಂಬಿ, ಹಾಗೆ ತುಂಬಿದ ಒಂದೊಂದು ಪಟ್ಟಿಯನ್ನೂ ಲೆಕ್ಕ ಹಾಕಿ, ಕೊನೆಗೆ ಎಲ್ಲ ಉತ್ತರಗಳನ್ನೂ ಒಂದುಗೂಡಿಸುವ ವಿಧಾನವಿದು. ತುಂಬುವಾಗ ಎಲ್ಲ ವರ್ಷಗಳ ರಕ್ತದೊತ್ತಡವನ್ನೂ ಆ ಲೆಕ್ಕದಲ್ಲಿ ಸೇರಿಸಲೇಬೇಕು. ಅಧ್ಯಯನ ಮಾಡುತ್ತಿರುವ ರಕ್ತದೊತ್ತಡವನ್ನೇ ಬಳಸಿ ತುಂಬುವುದು ಮೋಸವೆಂದು ಹಲವರು ಅಂಜುತ್ತಾರೆ. ಅದನ್ನು ಬಿಟ್ಟರೇ ಆದಾಯಕ್ಕೂ ರಕ್ತದೊತ್ತಡಕ್ಕೂ ಇರುವ ನಂಟು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಒಂದು ಎಚ್ಚರಿಕೆ. ಕಾಲಂ ಖಾಲಿ ಇರುವುದಕ್ಕೆ ಕಾರಣ ನಿಮ್ಮ ಬಳಿ ಇರುವ ಬೇರೆ ವಿವರಗಳಲ್ಲೇ ಸಿಗುತ್ತದೆ ಎಂದು ಈ ವಿಧಾನ ಸಾಮಾನ್ಯವಾಗಿ ನಂಬುತ್ತದೆ. ಆದಾಯ ತೀರಾ ಕಡಿಮೆ ಎಂಬ ಸಂಕೋಚದಿಂದಲೇ ಒಬ್ಬಾಕೆ ಹೇಳದಿದ್ದರೆ? ಕಾರಣ ಬೇರೆ ವಿವರಗಳಲ್ಲಿ ಸಿಗುವುದು, ಹೇಳದ ಉತ್ತರದಲ್ಲೇ ಅಡಗಿರುವುದು, ಇವೆರಡನ್ನೂ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲೇ ಬೇರ್ಪಡಿಸಿ ತೋರಿಸಿದ್ದಾರೆ. ಆದ್ದರಿಂದ ತುಂಬಿದ ಆದಾಯವನ್ನು ಇನ್ನಷ್ಟು ತಗ್ಗಿಸಿ ಮತ್ತೊಮ್ಮೆ ಲೆಕ್ಕ ಹಾಕಿ. ತೀರ್ಮಾನ ಬದಲಾದರೆ ಅದನ್ನೂ ವರದಿಯಲ್ಲಿ ಬರೆಯಿರಿ.

ಮುಂದಿನ ಕೊಯ್ಲಿಗೆ ಮುಂಚೆಯೇ ನಿಮ್ಮ ಹಾಳೆಗೆ ಒಂದು ಕಾಲಂ ಸೇರಿಸಿ: ಖಾಲಿ ಏಕೆ? ನಾವು ಕೇಳಲಿಲ್ಲ, ಅವರಿಗೆ ಗೊತ್ತಿಲ್ಲ, ಹೇಳಲು ಇಷ್ಟವಿಲ್ಲ, ತೋಟ ಬಿಟ್ಟು ಹೋದರು. ಈ ನಾಲ್ಕರಲ್ಲಿ ಯಾವುದೆಂದು ಅಂದೇ, ಆ ಮನೆಯ ಜಗಲಿಯಲ್ಲೇ ಗುರುತು ಹಾಕಿಕೊಳ್ಳಿ.